ಬ್ಯಾಂಕ್ ಸಾಲ ತೀರಿತು, ನೋಟ್‌ಬುಕ್ಕಿನದ್ದು ಬಾಕಿ ಇದೆ

ಮೊನ್ನೆ ಕಾಫಿ ಹುರಿಯುವ ಮಿಷಿನ್ನಿನ ಕೊನೆಯ ಕಂತು ಕಟ್ಟಿ ಬಂದೆವು. ಒಟ್ಟು 60 ಕಂತು. ಬ್ಯಾಂಕಿನ ಮೆಟ್ಟಿಲು ಇಳಿಯುವಾಗ ತಂಗಿ "ಇನ್ನು ಯಾರಿಗೂ ಏನೂ ಕೊಡೋದಿಲ್ಲ ಅಲ್ವಾ?" ಅಂದಳು. ನಾನು ಸುಮ್ನೆ ನಕ್ಕೆ. ಅವಳಿಗೂ ಗೊತ್ತು, ಗಲ್ಲಾ ಪೆಟ್ಟಿಗೆ ಕೆಳಗೆ ಒಂದು ನೋಟ್‌ಬುಕ್ ಇದೆ. ಬೇರೆ ಅಂಗಡಿಯಲ್ಲಿ ಗಿರಾಕಿಗಳ ಸಾಲ ಬರೆದಿಡುತ್ತಾರೆ, ನಮ್ಮದರಲ್ಲಿ ನಾವು ಯಾರ್ಯಾರಿಗೆ ಕೊಡಬೇಕು ಅಂತ ಬರೆದಿದ್ದೇವೆ. ದುಡ್ಡಿನದ್ದು ಸ್ವಲ್ಪ, ಬೇರೆಯದ್ದೇ ಜಾಸ್ತಿ. ಇವತ್ತು ಅದನ್ನು ನಿಮ್ಮೆಲ್ಲರ ಮುಂದೆ ಓದಿಬಿಡೋಣ ಅನ್ನಿಸಿತು. ಹೆಸರು ಹಾಕುತ್ತಿಲ್ಲ, ಹಾಕಿದರೆ ಕೆಲವರು ಬೈಯುತ್ತಾರೆ. ನಿಮ್ಮದು ಯಾವುದು ಅಂತ ನಿಮಗೇ ಗೊತ್ತಾಗುತ್ತೆ.

ಮೊದಲ ಪುಟ ಸಕಲೇಶಪುರದ ಹಾನುಬಾಳು ಕಡೆಯ ಕಾಫಿ ಬೆಳೆಗಾರ ಅಣ್ಣನದ್ದು. 2019ರ ಕೊನೆಯಲ್ಲಿ ಮೈಸೂರಿನ ಸರಸ್ವತಿಪುರಂನ ನಮ್ಮ ಗ್ಯಾರೇಜಿನಲ್ಲಿ ಒಂದು ಕಿಲೋ ಹುರಿಯುವ ಪುಟ್ಟ ಮಿಷಿನ್ ಇಟ್ಟುಕೊಂಡಾಗ ನಮ್ಮ ಹತ್ತಿರ ಇದ್ದದ್ದು ಕಾಫಿ ಬೋರ್ಡಿನ ಕಾಪಿ ಶಾಸ್ತ್ರ ತರಬೇತಿಯಲ್ಲಿ ಬರೆದುಕೊಂಡ ಟಿಪ್ಪಣಿ ಮತ್ತು ಬೇಕಾದ್ದಕ್ಕಿಂತ ಜಾಸ್ತಿ ಧೈರ್ಯ. ಅಣ್ಣ ಮೂರು ಮೂಟೆ ಕಾಫಿ ಗಾಡಿಗೆ ಹಾಕಿಸಿ "ಮಾರಿದ ಮೇಲೆ ಕೊಡಿ" ಅಂದರು. ಚೀಟಿ ಇಲ್ಲ, ಸಹಿ ಇಲ್ಲ. ಮೂರೇ ತಿಂಗಳಿಗೆ ಲಾಕ್‌ಡೌನ್ ಬಂತು. ಆ ದುಡ್ಡು ಅವರ ಕೈ ಸೇರಿದ್ದು ಮುಂದಿನ ದೀಪಾವಳಿಗೆ, ಅಲ್ಲಿಯವರೆಗೆ ಒಂದು ಸಲವೂ ಫೋನ್ ಮಾಡಿ ಕೇಳಲಿಲ್ಲ. ಫೋನ್ ಮಾಡುತ್ತಿದ್ದರು, "ಊಟಕ್ಕೆ ತೊಂದರೆ ಇಲ್ಲ ತಾನೆ" ಅಂತ ಕೇಳೋದಕ್ಕೆ.

2021ರ ಜನವರಿ ಮಳೆ ನೆನಪಿದೆಯಾ? ಮಲೆನಾಡಿನವರು ಮರೆಯೋದಿಲ್ಲ. ಕುಯ್ಲಿನ ಹೊತ್ತು, ಗಿಡದಲ್ಲಿ ಹಣ್ಣು, ಕಣದ ತುಂಬಾ ಕಾಫಿ. ನಮಗೆ ಅಂತಲೇ ಅಣ್ಣ ಬಲೆ ಕಟ್ಟಿದ ಮಂಚದ ಮೇಲೆ ಹಣ್ಣನ್ನು ಇಡಿಯಾಗಿ ಒಣಗಿಸುತ್ತಿದ್ದರು. ಸುದ್ದಿ ತಿಳಿದು ನಾವಿಬ್ಬರೂ ಓಡಿದೆವು. ಅಲ್ಲಿ ಹೋಗಿ ಮಾಡಿದ್ದು ಅಷ್ಟರಲ್ಲೇ ಇದೆ, ಟಾರ್ಪಾಲು ಎಳೆಯೋದು, ಮಳೆ ಬಿಟ್ಟರೆ ತೆಗೆಯೋದು, ಹಣ್ಣು ಕೈಯಾಡಿಸೋದು, ಮತ್ತೆ ಎಳೆಯೋದು. ಎರಡನೇ ರಾತ್ರಿ ಅಣ್ಣ ಒಂದು ಹಿಡಿ ಹಣ್ಣು ತೆಗೆದು ಮೂಸಿ ನೋಡಿದರು. ಟಾರ್ಚ್ ಬೆಳಕಿನಲ್ಲಿ ಅವರ ಮುಖ ನೋಡಿಯೇ ನಮಗೆ ಗೊತ್ತಾಯಿತು. ನನ್ನ ಮೂಗಿಗೂ ಹಿಡಿದರು. ಹುಳಿ ಬಂದ ದೋಸೆ ಹಿಟ್ಟಿನ ವಾಸನೆ, ಹಿಂದೆಯೇ ವಿನೆಗರ್. ನಾವು ತಗೊಳ್ಳುತ್ತೇವೆ ಅಂದೆವು, ನಮಗೆ ಅಂತಲೇ ಮಾಡಿದ್ದಲ್ವಾ. ಅವರು ಒಪ್ಪಲಿಲ್ಲ. "ಇದನ್ನು ನಿಮಗೆ ಕೊಟ್ಟರೆ ನೀವು ನನ್ನ ತೋಟದ ಹೆಸರು ಹಾಕಿ ಮಾರ್ತೀರಿ. ಬೇಡ" ಅಂದರು. ಸಿಕ್ಕಿದ ರೇಟಿಗೆ ಪೇಟೆಗೆ ಹಾಕಿ ನಷ್ಟ ತಾವೇ ನುಂಗಿದರು. ನೋಟ್‌ಬುಕ್ಕಿನಲ್ಲಿ ಇದಕ್ಕೆ ಎಷ್ಟು ಅಂತ ಬರೆಯೋದು ಗೊತ್ತಾಗದೆ ತಂಗಿ ಬರೀ ತಾರೀಕು ಹಾಕಿದ್ದಾಳೆ.

ತೋಟದ ಹೆಸರಿನ ವಿಷಯ ಬಂತು, ಇದನ್ನೂ ಹೇಳಿಬಿಡುತ್ತೇನೆ. ಅಣ್ಣನ ಅಪ್ಪನ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಬೋರ್ಡಿನ ಪೂಲಿಗೆ ಹಾಕಬೇಕಿತ್ತು, ಬೆಳೆಗಾರರು ತಾವೇ ಎಲ್ಲವನ್ನೂ ಮಾರಿಕೊಳ್ಳುವ ಹಾಗಾಗಿದ್ದು 1996ಕ್ಕೆ. ಎಲ್ಲರ ಕಾಫಿ ಒಟ್ಟಿಗೆ ಸೇರಿದರೆ ಯಾರದ್ದು ಯಾವುದು ಅಂತ ಯಾರಿಗೆ ಗೊತ್ತು? ಹಾಗಾಗಿ ತೋಟದ ಹೆಸರು ಅಚ್ಚಾದ ಮೊದಲ ಪ್ಯಾಕೆಟ್ಟನ್ನು ನಾವು ಕೊಟ್ಟಾಗ ಆ ಅಜ್ಜ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಒಯ್ದು ಷೋಕೇಸಿನಲ್ಲಿಟ್ಟರು. ಇವತ್ತಿಗೂ ಅಲ್ಲೇ ಇದೆ, ಒಡೆದಿಲ್ಲ. ಹುರಿದ ಕಾಫಿ ಒಂದೆರಡು ತಿಂಗಳಲ್ಲಿ ಹಳಸುತ್ತೆ ಅಂತ ಅವರಿಗೆ ಹೇಳುವ ಧೈರ್ಯ ನಮಗಿಲ್ಲ.

ಎರಡನೇ ಪುಟ ನಮ್ಮಲ್ಲಿ ಕಾಳು ಆರಿಸುವ ಅಕ್ಕಂದಿರದ್ದು. ಕಪ್ಪು ಕಾಳು, ಒಡಕು ಕಾಳು, ಹುಳ ತೂತು ಮಾಡಿದ್ದು, ಎಲ್ಲ ಕೈಯಲ್ಲೇ ಆರಿಸೋದು. ನಾವು ಕಲಿತದ್ದು ಪುಸ್ತಕದಿಂದ, ಅವರಲ್ಲಿ ಒಬ್ಬರು ಹತ್ತು ವರ್ಷ ತೋಟದಲ್ಲಿ ಹಣ್ಣು ಕುಯ್ದವರು. ಒಂದು ದಿನ ಹುರಿದ ಕಾಫಿಯಲ್ಲಿ ಬಿಳಚಿಕೊಂಡ ಕಾಳು ಜಾಸ್ತಿ ಬಂತು. ಕಡಿದು ನೋಡಿದರೆ ಕಡಲೆಕಾಯಿ ಸಿಪ್ಪೆಯ ರುಚಿ. ನಾನು ಉರಿ ಸರಿಯಿಲ್ಲ ಅಂತ ಮಿಷಿನ್ ಹತ್ತಿರ ಒದ್ದಾಡುತ್ತಿದ್ದೆ. ಅಕ್ಕ ಆ ಕಾಳುಗಳನ್ನು ಅಂಗೈಯಲ್ಲಿ ಉರುಳಿಸಿ, "ಮಿಷಿನ್ ಬಿಡಿ, ಇದು ಎಳೆ ಹಣ್ಣಿಂದು. ಆ ತೋಟದಲ್ಲಿ ಆಳು ಸಿಕ್ಕಿಲ್ಲ, ಗೊಂಚಲು ಗೊಂಚಲೇ ಎಳೆದಿದಾರೆ" ಅಂದರು. ಫೋನ್ ಮಾಡಿ ಕೇಳಿದರೆ ಹಾಗೇ ಆಗಿತ್ತು. ಅಂದಹಾಗೆ ಇದೇ ಅಕ್ಕನಿಗೆ ನಮ್ಮ ಹಾಲಿಲ್ಲದ ಕಾಫಿ ಕಷಾಯದ ಹಾಗೆ ಕಾಣುತ್ತೆ. 100ಕ್ಕೆ 80 ಅಂಕ ದಾಟಿದರೆ ಸ್ಪೆಷಾಲಿಟಿ ಕಾಫಿ ಅಂತ ನಾನು ವಿವರಿಸಿದಾಗ "ನನ್ನ ಮಗಳಿಗೆ 91 ಬಂದಾಗ ನಾನು ಇಷ್ಟು ಬೀಗಲಿಲ್ಲ" ಅಂದರು.

ಒಂದು ಪುಟ ಖಾಲಿ ಇದೆ. ಹಣ್ಣು ಕುಯ್ದವರದ್ದು. ಈಗೀಗ ತುಂಬಾ ಜನ ಅಸ್ಸಾಂ ಕಡೆಯಿಂದ ಬರುತ್ತಾರೆ, ಒಂದು ವರ್ಷ ಇದ್ದವರು ಮುಂದಿನ ವರ್ಷ ಇರೋದಿಲ್ಲ. ಆರು ಕಿಲೋ ಹಣ್ಣು ಕುಯ್ದರೆ ಸುಮಾರು ಒಂದು ಕಿಲೋ ಕಾಫಿ. ತೋಟದ ಹೆಸರು, ತಳಿಯ ಹೆಸರು, ಎತ್ತರ ಎಲ್ಲ ಪ್ಯಾಕೆಟ್ಟಿನ ಮೇಲೆ ಹಾಕುವ ನಾವು ಇವರ ಹೆಸರು ಕೇಳಿಲ್ಲ. ಇದು ನಮ್ಮದೇ ತಪ್ಪು.

ಪಕ್ಕದ ಮನೆ ಆಂಟಿ, ನಿಮ್ಮ ಪುಟ ದೊಡ್ಡದಿದೆ! ಕಾಫಿ ಹುರಿಯುವಾಗ ಕಾಳಿನ ಮೇಲಿನ ತೆಳು ಹೊಟ್ಟು ಹಾರುತ್ತೆ. ಮೊದಲ ಬೇಸಿಗೆಯಲ್ಲಿ ಅದೆಲ್ಲ ಹೋಗಿ ಕೂತಿದ್ದು ನಿಮ್ಮ ತಾರಸಿಯ ಮೇಲೆ ಒಣಗುತ್ತಿದ್ದ ಸಂಡಿಗೆಯ ಮೇಲೆ. ಅವತ್ತು ನೀವು ಬೈದದ್ದು ಪೂರ್ತಿ ನ್ಯಾಯ. ಆಮೇಲೆ ಚಿಮಣಿಗೆ ಹೊಟ್ಟು ಹಿಡಿಯುವ ಡಬ್ಬ ಹಾಕಿಸಿದೆವು. ಈಗ ಆ ಡಬ್ಬ ತುಂಬಿದ ತಕ್ಷಣ ನೀವೇ ಬಂದು ನಿಮ್ಮ ಗುಲಾಬಿ ಗಿಡಕ್ಕೆ ಒಯ್ಯುತ್ತೀರಿ, ನಾಲ್ಕು ದಿನ ಹುರಿಯದಿದ್ದರೆ ಯಾಕೆ ಅಂತ ಕೇಳುತ್ತೀರಿ.

ಇನ್ನೊಬ್ಬರು ರಿಟೈರ್ಡ್ ಮೇಷ್ಟ್ರು. ಮೊದಲ ಎರಡು ವರ್ಷ ನಮ್ಮ ಅಂಗಡಿಯಲ್ಲಿ ಚಿಕೋರಿ ಅಂದರೆ ಮೈಲಿಗೆ. ಅವರು ಬಂದು 80:20 ಕೇಳಿದರು, ನಾನು ಚಿಕೋರಿ ಯಾಕೆ ಬೇಡ ಅಂತ ಭಾಷಣ ಶುರು ಮಾಡಿದೆ. ಪೂರ್ತಿ ಕೇಳಿಸಿಕೊಂಡು "ಪಾಠ ಚೆನ್ನಾಗಿತ್ತು. ಆದರೆ ಲೋಟ ನನ್ನದು" ಅಂದರು. ಮುಂದಿನ ವಾರವೇ 80:20 ಮಾಡಿದೆವು. ಹೇಳೋದಕ್ಕೆ ನಾಚಿಕೆ ಏನಿಲ್ಲ, ಇವತ್ತು ಅಂಗಡಿ ಬಾಡಿಗೆ ಹುಟ್ಟೋದು ಅದರಿಂದಲೇ. ಫಿಲ್ಟರ್ ಕಾಫಿ ಕುಡಿಯುವ ಊರಿನಲ್ಲಿ ಕೂತು ಫಿಲ್ಟರ್ ಕಾಫಿಯನ್ನು ಕೀಳಾಗಿ ನೋಡಿದ್ದು ನಮ್ಮ ಪೆದ್ದುತನ.

ಇನ್ನು ಕಷ್ಟದ ಕಾಲದ ಮಾತು. 2025ರ ಶುರುವಿನಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಸಮೇತ ಒಣಗಿಸಿದ ಕಾಳು) 50 ಕಿಲೋ ಮೂಟೆಗೆ 25,000 ರೂಪಾಯಿ ದಾಟಿತು. ನಾವು ಶುರು ಮಾಡಿದಾಗ ಅದರ ಅರ್ಧವೂ ಇರಲಿಲ್ಲ. ಬ್ರೆಜಿಲ್‌ನಲ್ಲಿ ಬರ ಬಿದ್ದರೆ ಸಕಲೇಶಪುರದಲ್ಲಿ ರೇಟು ಏರುತ್ತೆ. ಬೆಳೆಗಾರರಿಗೆ ಎಷ್ಟೋ ವರ್ಷಕ್ಕೆ ಬಂದ ಒಳ್ಳೆ ಕಾಲ ಅದು, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಹೊತ್ತಿಗೆ ನಾವು ಪುಡಿ ಕೊಡುತ್ತಿದ್ದ ಹೋಟೆಲ್ಲೊಂದು ಮೂರು ತಿಂಗಳ ಬಿಲ್ಲು ಉಳಿಸಿಕೊಂಡು ಬಾಗಿಲು ಹಾಕಿತು. ಅಣ್ಣ ಹಿಂದಿನ ಅಕ್ಟೋಬರಿನಲ್ಲೇ ನಮಗೆ ಒಂದು ರೇಟು ಹೇಳಿಬಿಟ್ಟಿದ್ದರು. ಈಗ ವ್ಯಾಪಾರಿಗಳು ನಗದು ಹಿಡಿದು ಅವರ ಗೇಟಿಗೇ ಬರುತ್ತಿದ್ದರು. ಈ ವರ್ಷ ನಮಗೆ ಕಾಫಿ ಇಲ್ಲ ಅಂದುಕೊಂಡೇ ಹೋದೆವು. ಆರು ಮೂಟೆ ಬೇರೆ ಇಟ್ಟು, ಮೇಲೆ ಸುಣ್ಣದಲ್ಲಿ "ಮೈಸೂರು" ಅಂತ ಬರೆಸಿದ್ದರು. ಹೇಳಿದ ರೇಟಿಗೇ ಕೊಡುತ್ತೇನೆ ಅಂತ ಹಟ. ನಾವು ಆಗಿದ್ದಷ್ಟು ಜಾಸ್ತಿ ಸೇರಿಸಿ ಕೊಟ್ಟೆವು. ವ್ಯತ್ಯಾಸ ಪೂರ್ತಿ ತುಂಬಿಲ್ಲ, ಉಳಿದದ್ದು ಅವರ ಪುಟದಲ್ಲೇ ಇದೆ. ಇದಕ್ಕೆ ಮಾತ್ರ ಅಂಕಿ ಬರೆದಿದೆ, ತೀರಿಸುತ್ತೇವೆ.

ಆಗ ನಿಮಗೆಲ್ಲ ವಾಟ್ಸಾಪ್‌ನಲ್ಲಿ ಒಂದು ಲೆಕ್ಕ ಕಳಿಸಿದ್ದೆ. 50 ಕಿಲೋ ಪಾರ್ಚ್‌ಮೆಂಟ್ ಸಿಪ್ಪೆ ಬಿಟ್ಟರೆ 40 ಕಿಲೋ ಕಾಳು. ಹುರಿದರೆ ತೇವ ಹೋಗಿ 34 ಕಿಲೋ. ಅಂದರೆ ಕಾಲು ಕಿಲೋ ಪ್ಯಾಕೆಟ್ಟಿನಲ್ಲಿ ಬರೀ ಕಾಳಿಗೇ 184 ರೂಪಾಯಿ. ಗ್ಯಾಸು, ಕೂಲಿ, ಬಾಡಿಗೆ, ಕಂತು ಆಮೇಲೆ. ರೇಟು ಏರಿಸುತ್ತಿದ್ದೇವೆ ಅಂತ ಬರೆದು ಫೋನ್ ಮಗುಚಿ ಇಟ್ಟೆ. ಕೆಲವರು ಬಿಟ್ಟು ಹೋದರು, ಅವರಿಗೂ ಥ್ಯಾಂಕ್ಸ್, ಇಷ್ಟು ವರ್ಷ ಕುಡಿದಿರಿ. ಉಳಿದವರು ಮಾಡಿದ್ದು ಹೀಗೆ: ಒಬ್ಬರು ಒಂದು ವರ್ಷದ ದುಡ್ಡು ಮುಂಚೆಯೇ ಹಾಕಿದರು. ಕುವೆಂಪುನಗರದ ಒಂದು ಬೀದಿಯವರು ನಾಲ್ಕು ಮನೆ ಸೇರಿ ಒಟ್ಟಿಗೆ ತರಿಸಿಕೊಂಡು ನಮಗೆ ಡೆಲಿವರಿ ಖರ್ಚು ಉಳಿಸಿದರು. ಮೇಷ್ಟ್ರು "ತಿಂಗಳಿಗೆ ಅರ್ಧ ಕಿಲೋ ಬದಲು ಕಾಲು ಕಿಲೋ ಸಾಕು, ಡಿಕಾಕ್ಷನ್ ತೆಳ್ಳಗೆ ಮಾಡ್ಕೋತೀನಿ" ಅಂದರು. ತಂಗಿ ಅವರಿಗೆ ಅರ್ಧ ಕಿಲೋವನ್ನೇ ಕಟ್ಟಿಕೊಟ್ಟಳು, ಅವರು ತೂಕ ಮಾಡಿಸಿ ಕಾಲು ಕಿಲೋ ವಾಪಸ್ ತಂದಿಟ್ಟರು.

ಈ ಭಾನುವಾರ ಬೆಳಿಗ್ಗೆ ಏಳರಿಂದ ಅಂಗಡಿಯಲ್ಲಿ ಯಾರಿಗೂ ಬಿಲ್ಲಿಲ್ಲ. ಹಾನುಬಾಳಿನಿಂದ ಅಣ್ಣ ಬರುತ್ತೇನೆ ಅಂದಿದ್ದಾರೆ, ಹೂಮಳೆ ಬಿದ್ದು ಕಾಫಿ ಹೂ ಅರಳಿ ತೋಟ ಬೆಳ್ಳಗಾಗಿದೆಯಂತೆ, ಅದರ ಫೋಟೋ ತೋರಿಸುತ್ತಾರೆ. ಲೋಟ ಸಾಲದು, ಸಾಧ್ಯವಾದರೆ ಮನೆಯಿಂದ ಒಂದೊಂದು ತನ್ನಿ. ಶನಿವಾರ ಮಾತ್ರ ಪುಡಿ ಕೇಳಿಕೊಂಡು ಬರಬೇಡಿ, ಅವತ್ತು ಹುರಿಯೋದಿಲ್ಲ. ಆಂಟಿ ಸಂಡಿಗೆ ಹಾಕುತ್ತಾರಂತೆ.