ಕುಡಿತ ಬಿಡಿಸುವಾಗ ಮೊದಲ ನಾಲ್ಕು ದಿನ

ಮಾನ್ಯ ಸಂಪಾದಕರೇ,

ಮೇ 31ರ ತಂಬಾಕು ರಹಿತ ದಿನ, ಜೂನ್ 26ರ ಮಾದಕವಸ್ತು ವಿರೋಧಿ ದಿನ ಬಂತೆಂದರೆ ಪತ್ರಿಕೆಗಳಲ್ಲಿ ‘ಇಂದೇ ಬಿಟ್ಟುಬಿಡಿ’ ಎಂಬ ಕರೆ ಕಾಣುತ್ತದೆ. ಬೀಡಿ, ಸಿಗರೇಟು, ಜಗಿಯುವ ತಂಬಾಕಿಗೆ ಈ ಮಾತು ಸರಿ. ಒಮ್ಮೆಲೇ ಬಿಟ್ಟರೆ ಸಿಡುಕು, ಚಡಪಡಿಕೆ ಇರುತ್ತದೆಯೇ ಹೊರತು ಜೀವಕ್ಕೆ ಅಪಾಯವಿಲ್ಲ. ಆದರೆ ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರಿಗೆ ಇದೇ ಸಲಹೆ ಮಾರಕವಾಗಬಲ್ಲದು. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಎನ್ನುವ ಮನೆಯವರು ಇದನ್ನು ತಿಳಿದಿರಬೇಕು.

ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ನಿತ್ಯ ಕುಡಿಯುವವರ ಮಿದುಳು ಆ ಮಂಕಿಗೆ ಎದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಮದ್ಯ ಹಠಾತ್ತಾಗಿ ನಿಂತಾಗ ಕಡಿವಾಣ ಹೋಗಿ ಉದ್ರೇಕವಷ್ಟೇ ಉಳಿಯುತ್ತದೆ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ ಶುರು. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಗಳೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಕಾಡುವುದು ಡೆಲಿರಿಯಂ ಟ್ರೆಮೆನ್ಸ್: ಜ್ವರ, ಎದೆಬಡಿತದ ಏರಿಕೆ, ಹಗಲು ರಾತ್ರಿಯ ಪರಿವೆ ಇಲ್ಲದಿರುವುದು, ಮೈಮೇಲೆ ಹುಳು ಹರಿದಂತಾಗುವುದು, ಇಲ್ಲದವರು ಕಾಣುವುದು. ‘ಹಟ ಮಾಡುತ್ತಿದ್ದಾನೆ’ ಎಂದು ಆಗಲೂ ಬಾಗಿಲು ತೆರೆಯದಿದ್ದರೆ ಸಾವು ಸಂಭವಿಸಬಹುದು. ಹಿಂದೆ ಹೀಗೆ ಬಿಟ್ಟಾಗ ಫಿಟ್ಸ್ ಬಂದವರು, ಲಿವರ್ ಕೆಟ್ಟವರು, ಬೆಳಿಗ್ಗೆ ಕುಡಿಯದೆ ಕೈನಡುಕ ನಿಲ್ಲದವರು ಆಸ್ಪತ್ರೆಯಲ್ಲಿದ್ದೇ ಬಿಡಬೇಕು.

ಅಲ್ಲಿ ಮಿದುಳಿನ ಉದ್ರೇಕ ತಗ್ಗಿಸುವ ಡಯಾಜೆಪಾಂನಂಥ ಮಾತ್ರೆ ಕೊಟ್ಟು, ಸಾಮಾನ್ಯವಾಗಿ 5ರಿಂದ 7 ದಿನಗಳಲ್ಲಿ ಪ್ರಮಾಣ ಇಳಿಸುತ್ತಾ ನಿಲ್ಲಿಸುತ್ತಾರೆ. ಲಿವರ್ ಹಾಳಾಗಿದ್ದರೆ ಲೊರಾಜೆಪಾಂ. ಇವನ್ನು ತಾವೇ ತಂದು ನುಂಗಿಸಬೇಡಿ. ಮೇಲೆ ಕುಡಿದುಬಿಟ್ಟರೆ ಉಸಿರು ನಿಲ್ಲಬಹುದು.

ಇನ್ನೊಂದು ಎಡವಟ್ಟು ಗ್ಲೂಕೋಸ್‌ನದು. ಸುಸ್ತಾಗಿದ್ದಾರೆಂದು ಮನೆಯವರು ‘ಒಂದು ಬಾಟಲಿ ಏರಿಸಿ’ ಎನ್ನುತ್ತಾರೆ. ಗ್ಲೂಕೋಸನ್ನು ದೇಹ ಬಳಸಿಕೊಳ್ಳಲು ಥಯಾಮಿನ್, ಅಂದರೆ ಬಿ1 ಜೀವಸತ್ವ ಬೇಕು. ಕುಡಿಯುವವರಲ್ಲಿ ಅದು ಮೊದಲೇ ಬರಿದು. ಉಳಿದಿದ್ದೂ ಖರ್ಚಾದರೆ ವರ್ನಿಕೆ ಎಂಬ ಮಿದುಳಿನ ಕಾಯಿಲೆ ಎರಗುತ್ತದೆ: ಗೊಂದಲ, ತೂರಾಡುವ ನಡಿಗೆ, ಹತೋಟಿ ತಪ್ಪಿದ ಕಣ್ಣಿನ ಚಲನೆ. ನೋಡಿದವರಿಗೆ ಥೇಟ್ ಅಮಲಿನಂತೆಯೇ ಕಾಣುವುದರಿಂದ ತಡವಾಗುತ್ತದೆ. ನೆನಪು ಶಾಶ್ವತವಾಗಿ ಹೋಗಲೂಬಹುದು. ಆದ್ದರಿಂದ ಥಯಾಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ರಕ್ತದ ಸಕ್ಕರೆ ತೀರಾ ಇಳಿದಿದ್ದರೆ ಮಾತ್ರ ಕಾಯದೆ ಎರಡನ್ನೂ ಒಟ್ಟಿಗೆ ಕೊಡಬೇಕು.

ಗೊತ್ತಾಗದಂತೆ ಊಟದಲ್ಲಿ ಕುಡಿತ ಬಿಡಿಸುವ ಮಾತ್ರೆ ಡೈಸಲ್ಫಿರಾಂ ಬೆರೆಸುವುದಂತೂ ವಂಚನೆಯೂ ಹೌದು, ಅಪಾಯವೂ ಹೌದು. ಮದ್ಯ ದೇಹದಲ್ಲಿ ಅಸಿಟಾಲ್ಡಿಹೈಡ್ ಆಗಿ, ಆಮೇಲೆ ಕರಗಬೇಕು. ಈ ಮಾತ್ರೆ ಆ ಎರಡನೇ ಹೆಜ್ಜೆಯನ್ನು ತಡೆಯುತ್ತದೆ. ಇದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದ್ರೋಗಿಗೆ ಅದೇ ಕೊನೆಯಾಗಬಹುದು. ಕುಡಿದು ಕನಿಷ್ಠ 12 ಗಂಟೆ ಕಳೆಯದೆ ಇದನ್ನು ಕೊಡುವಂತಿಲ್ಲ. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪರಿಣಾಮ ಇರುತ್ತದೆ. ಒಪ್ಪಿ ನುಂಗುವವರಿಗಷ್ಟೇ ಇದು ಔಷಧ.

ಹೆರಾಯಿನ್‌ನಂಥವುಗಳ ಲೆಕ್ಕ ತಿರುಗುಮುರುಗು. ಬಿಡುವಾಗಿನ ನರಕಯಾತನೆಯಿಂದ ಸಾಯುವವರು ವಿರಳ. ಬಿಟ್ಟ ಕೆಲವೇ ವಾರಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಮತ್ತೆ ಎಡವಿದವರು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ನಿಲ್ಲುತ್ತದೆ. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಇದನ್ನು ಬಿಡಿಸಿ ಹೇಳಬೇಕು. ತುಟಿ ನೀಲಿಯಾಗಿ, ಕೂಗಿದರೂ ಏಳದಿದ್ದರೆ ಆಂಬುಲೆನ್ಸ್ ಕರೆದು, ಹೆರಾಯಿನ್‌ನ ಪರಿಣಾಮ ತಡೆಯುವ ಔಷಧ ನಲೋಕ್ಸೋನ್ ಕೈಯಲ್ಲಿದ್ದರೆ ಕೊಟ್ಟು, ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಿರಬೇಕು. ನಲೋಕ್ಸೋನ್‌ನ ಪ್ರಭಾವ ಹೆರಾಯಿನ್‌ಗಿಂತ ಬೇಗ ಇಳಿಯುವುದುಂಟು. ಕಣ್ಣು ಬಿಟ್ಟರೆಂದು ಒಂಟಿಯಾಗಿ ಬಿಟ್ಟುಹೋಗಬೇಡಿ.

ಇಂತಿ,
ವ್ಯಸನ ಚಿಕಿತ್ಸೆಯ ಕ್ಷೇತ್ರದ ಓದುಗರು