ತೀರ್ಪುಗಾರರ ಗಮನಕ್ಕೆ: ಭಾಷಣ ಸ್ಪರ್ಧೆಯ ಸರದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಮಕ್ಕಳ ಭಾಷಣ ಸ್ಪರ್ಧೆ. ಹೋದ ವರ್ಷ ಮೊದಲು ಮಾತನಾಡಿದ ಹುಡುಗಿಗೆ ಕೊಟ್ಟ 6 ಅಂಕ ಹೊಡೆದುಹಾಕಿ 7, ಅದನ್ನೂ ಹೊಡೆದುಹಾಕಿ ಮತ್ತೆ 6 ಬರೆದಿದ್ದೆ; ಕೊನೆಯ ಹೊತ್ತಿಗೆ ಅವಳ ಮಾತೇ ನೆನಪಿರಲಿಲ್ಲ. ಆ ಕೊರಗು ಇನ್ನೂ ಇದೆ.

1946ರಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಒಬ್ಬ ವ್ಯಕ್ತಿಯ ಆರು ಗುಣಗಳನ್ನು ಜನರಿಗೆ ಓದಿ ಹೇಳಿದರು. ‘ಬುದ್ಧಿವಂತ, ಶ್ರಮಜೀವಿ’ ಮೊದಲು ಬಂದಾಗ ಒಳ್ಳೆಯ ಅಭಿಪ್ರಾಯ ಮೂಡಿತು. ಅದೇ ಪಟ್ಟಿ ‘ಅಸೂಯೆ’ಯಿಂದ ಶುರುವಾದಾಗ ಅಭಿಪ್ರಾಯ ಕೆಟ್ಟಿತು. ಪದ ಒಂದೂ ಬದಲಾಗಿರಲಿಲ್ಲ, ಸರದಿ ಮಾತ್ರ ಬದಲಾಗಿತ್ತು.

ಆದ್ದರಿಂದ ಈ ಸಲ ಚೀಟಿ ಎತ್ತಿ ಸರದಿ ನಿರ್ಧರಿಸೋಣ. ಪ್ರತಿ ಮಗು ವೇದಿಕೆ ಇಳಿದ ಕೂಡಲೇ ಅಂಕದ ಜೊತೆ ಒಂದು ಸಾಲು ಟಿಪ್ಪಣಿಯನ್ನೂ ಬರೆಯಿರಿ. ಹಾಳೆ ಒಪ್ಪಿಸುವವರೆಗೆ ಪರಸ್ಪರ ಚರ್ಚೆ ಖಂಡಿತ ಬೇಡ. ಶುಕ್ರವಾರ ಸಂಜೆಯೊಳಗೆ ದಯವಿಟ್ಟು ಒಪ್ಪಿಗೆ ತಿಳಿಸಿ.