ಹೋಟೆಲ್, ಖಾನಾವಳಿ ಮಾಲೀಕರ ಗಮನಕ್ಕೆ: ಗೊಬ್ಬರದ ಡ್ರಮ್

ಗಂಗಾವತಿಯ ಎಲ್ಲ ಬಂಧುಗಳಿಗೂ ನಮಸ್ಕಾರ್ರೀ. ನಿನ್ನೆ ಅಡುಗೆಮನೆಯ ಹಸಿ ಕಸದಿಂದ ಗೊಬ್ಬರ ಮಾಡುವ ನಮ್ಮ ಡ್ರಮ್ಮಿನ ಮುಚ್ಚಳ ತೆಗೆದರೆ ಗಬ್ಬುನಾತ, ಬುಡದಲ್ಲಿ ಸಾಂಬಾರಿನ ನೀರು ನಿಂತಿತ್ತು. ಗಾಳಿ ಆಡದಿದ್ದರೆ ಗೊಬ್ಬರ ಆಗೋದಿಲ್ಲ, ಕೊಳೆತು ನಾರುತ್ತದೆ. ಅದಕ್ಕೇ ಉಳಿದ ಅನ್ನ, ಪಲ್ಯ ಚೆನ್ನಾಗಿ ಬಸಿದೇ ಹಾಕಿ. ಒಂದು ಬಕೆಟ್ ಹಸಿ ಕಸಕ್ಕೆ ಒಂದೆರಡು ಬಕೆಟ್ ಒಣ ಎಲೆ, ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು ಬೇಕು. ರೈಸ್ ಮಿಲ್ಲಿನ ಹೊಟ್ಟು ನಮ್ಮೂರಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಅದೊಂದೇ ಹಾಕಬೇಡಿ, ಬೇಗ ಕರಗುವುದಿಲ್ಲ. ಮಿರ್ಚಿ ಕರಿದ ಎಣ್ಣೆ, ಎಲುಬು, ಪ್ಲಾಸ್ಟಿಕ್ ಬೇಡವೇ ಬೇಡ. ವಾರಕ್ಕೊಮ್ಮೆ ತಿರುವಿ ಹಾಕಿ; ಕಬ್ಬಿಣದ ಸಲಾಕೆ ಚುಚ್ಚಿ ತೆಗೆದರೆ ಬಿಸಿ ಇರಬೇಕು, 50 ಡಿಗ್ರಿ ದಾಟಿದರೆ ಒಳ್ಳೆಯದು. ಎರಡು-ಮೂರು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ, ಆಗ ಗೊಬ್ಬರ ಸಿದ್ಧ. ದಯವಿಟ್ಟು ಪಾತ್ರೆ ತೊಳೆಯುವವರಿಗೂ ಇದನ್ನು ಓದಿ ಹೇಳಿ, ಡ್ರಮ್ ತುಂಬುವವರು ಅವರೇ.